ಪಿಆರ್ ಬಂತಲ್ಲ, ಇನ್ನೇನು ಚಿಂತೆ?

2025ರ ಫೆಬ್ರವರಿಯಲ್ಲಿ ಅಮೆರಿಕದ ಸೇನಾ ವಿಮಾನವೊಂದು 104 ಭಾರತೀಯರನ್ನು ತಂದು ಅಮೃತಸರದಲ್ಲಿ ಇಳಿಸಿತು. ಕೈಗೆ ಕೋಳ, ಕಾಲಿಗೆ ಸರಪಳಿ. ಆ ಸುದ್ದಿ ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಓಡಾಡಿತು. ಅಯ್ಯೋ ಪಾಪ ಅಂದವರಿದ್ದರು. ಆದರೆ "ಕಳ್ಳದಾರಿಯಲ್ಲಿ ಹೋದವರು, ನಮಗೂ ಅವರಿಗೂ ಏನು ಸಂಬಂಧ" ಅಂದವರೇ ಜಾಸ್ತಿ. ನಾವು ಆಸ್ಟ್ರೇಲಿಯಾಕ್ಕೆ ಕಾನೂನು ಪ್ರಕಾರ ಬಂದವರು, ತೆರಿಗೆ ಕಟ್ಟುವವರು, ನಮ್ಮ ಹತ್ತಿರ ಪಿಆರ್ (ಖಾಯಂ ಆಗಿ ನೆಲೆಸುವ ಅನುಮತಿ) ಇದೆ. ಇನ್ನೇನು ಭಯ?

ಭಯ ಬೇಡ, ಸರಿ. ಆದರೆ ತಿಳಿದಿರಬೇಕಲ್ಲ. ಪಿಆರ್ ಕೂಡ ಒಂದು ವೀಸಾನೇ. ಮೂವತ್ತು ವರ್ಷ ಇಲ್ಲೇ ಇದ್ದು, ಮನೆ ಸಾಲ ತೀರಿಸಿ, ಮೊಮ್ಮಕ್ಕಳನ್ನು ಎತ್ತಿ ಆಡಿಸಿದರೂ ಪೌರತ್ವ ತೆಗೆದುಕೊಳ್ಳದಿದ್ದರೆ ಕಾನೂನಿನ ಕಣ್ಣಿಗೆ ನೀವು ವೀಸಾ ಮೇಲೆ ಇರುವವರು. ಕೊಟ್ಟವರು ಅದನ್ನು ವಾಪಸ್ ತೆಗೆದುಕೊಳ್ಳಬಹುದು.

ಇಲ್ಲಿನ ವಲಸೆ ಕಾಯ್ದೆಯಲ್ಲಿ 501 ಅಂತ ಒಂದು ಸೆಕ್ಷನ್ ಇದೆ. "ನಡತೆ ಪರೀಕ್ಷೆ" ಎಂದು ಕರೆಯಬಹುದು. ಅದರಲ್ಲಿ ಫೇಲಾದರೆ ವೀಸಾ ರದ್ದು ಮಾಡಬಹುದು. 2014ರ ಡಿಸೆಂಬರ್‌ನಲ್ಲಿ ಇದನ್ನು ಇನ್ನೂ ಬಿಗಿ ಮಾಡಿದರು. 12 ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯಾಗಿ ಜೈಲಿನಲ್ಲಿದ್ದರೆ ವೀಸಾ ರದ್ದು ಮಾಡಲೇಬೇಕು, ಅಧಿಕಾರಿಗೆ ಬೇರೆ ಆಯ್ಕೆ ಇಲ್ಲ. ಮೊದಲೇ ನೋಟಿಸ್ ಕೊಟ್ಟು ಏನು ಹೇಳ್ತೀರಿ ಅಂತ ಕೇಳುವುದೂ ಇಲ್ಲ. ರದ್ದಾದ ಮೇಲೆ ಕಾಗದ ಬರುತ್ತದೆ. ಎರಡು ಮೂರು ಸಣ್ಣ ಶಿಕ್ಷೆಗಳು ಸೇರಿ 12 ತಿಂಗಳಾದರೂ ನಡತೆ ಪರೀಕ್ಷೆಯಲ್ಲಿ ಫೇಲೇ, ಆದರೆ ಆಗ ರದ್ದು ಮಾಡಬೇಕೋ ಬೇಡವೋ ಅನ್ನುವುದು ಅಧಿಕಾರಿಗೆ ಬಿಟ್ಟದ್ದು.

"ಜೈಲಿಗೆ ಹೋಗೋ ಕೆಲಸ ನಾವ್ಯಾಕೆ ಮಾಡ್ತೀವಿ" ಅಂತೀರಿ. ಕಳ್ಳತನ, ಡ್ರಗ್ಸ್ ಬಿಡಿ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಕಾರು ಓಡಿಸಿಕೊಂಡು ಬರುವಾಗ ಒಂದು ಗಳಿಗೆ ಕಣ್ಣು ಮುಚ್ಚಿ, ಎದುರಿನವರ ಜೀವ ಹೋದರೆ? ಅಂಥ ಕೇಸಿನಲ್ಲಿ ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಆಗಬಹುದು. ಪಾರ್ಟಿಯಲ್ಲಿ ಎರಡು ಪೆಗ್ ಏರಿಸಿ ಸ್ಟೇರಿಂಗ್ ಹಿಡಿಯುವವರು ನಮ್ಮಲ್ಲಿ ಇಲ್ಲವೇ? ಹೆಂಡತಿ ಮೇಲೆ ಕೈ ಮಾಡುವವರು? ಮನೆಯೊಳಗಿನ ಹಿಂಸೆಯನ್ನು ಇಲ್ಲಿ "ಅದು ಅವರ ಸಂಸಾರದ ವಿಷಯ" ಅಂತ ಬಿಡುವುದಿಲ್ಲ. ವೀಸಾ ರದ್ದು ಮಾಡಬೇಕೋ ಬೇಡವೋ ಅಂತ ತೂಗುವಾಗ 2021ರಿಂದ ಅದನ್ನು ಮುಖ್ಯ ಅಂಶವಾಗಿಯೇ ನೋಡುತ್ತಾರೆ.

ರದ್ದಾದ ಕಾಗದ ಕೈಗೆ ಬಂದ ಮೇಲೆ 28 ದಿನದೊಳಗೆ ನಿಮ್ಮ ಕಡೆಯ ಮಾತು ಬರೆದು ಕಳಿಸಬೇಕು. ಇದನ್ನು ಬರೆಯುವವನು ಜೈಲಿನಲ್ಲಿರುತ್ತಾನೆ ಅನ್ನುವುದು ನೆನಪಿರಲಿ. ಮಗಳ ಶಾಲೆಯಿಂದ ಪತ್ರ, ಹಳೆಯ ಮ್ಯಾನೇಜರ್‌ನಿಂದ ಪತ್ರ, ಡಾಕ್ಟರ್ ಸರ್ಟಿಫಿಕೇಟು, ಎಲ್ಲಕ್ಕೂ ಹೊರಗೆ ಹೆಂಡತಿ ಓಡಾಡಬೇಕು. ಅಧಿಕಾರಿ ಒಪ್ಪದಿದ್ದರೆ, ಇಂಥ ತೀರ್ಮಾನಗಳನ್ನು ಮತ್ತೆ ಪರಿಶೀಲಿಸುವ ಟ್ರಿಬ್ಯೂನಲ್‌ಗೆ ಹೋಗಲು ಬರೀ 9 ದಿನ. ಶನಿವಾರ, ಭಾನುವಾರವೂ ಸೇರಿ. ಒಂದು ದಿನ ತಡವಾದರೆ ಆ ಬಾಗಿಲು ಮುಚ್ಚಿತು. ಮಂತ್ರಿಯೇ ಖುದ್ದಾಗಿ ತೀರ್ಮಾನ ಮಾಡಿದ್ದರೆ ಟ್ರಿಬ್ಯೂನಲ್ ದಾರಿಯೂ ಇಲ್ಲ, ನೇರ ಕೋರ್ಟು. ಇಷ್ಟರಲ್ಲಿ ಶಿಕ್ಷೆ ಮುಗಿದರೂ ಮನೆಗೆ ಬಿಡುವುದಿಲ್ಲ. ಜೈಲಿನ ಗೇಟಿನಿಂದ ನೇರ ವಲಸೆ ಇಲಾಖೆಯ ಬಂಧನಕ್ಕೆ. ಕೊನೆಗೆ ದೇಶದಿಂದ ಕಳಿಸಿದರೆ ಆ ಖರ್ಚನ್ನೂ ಸರ್ಕಾರ ಅವನ ಲೆಕ್ಕಕ್ಕೇ ಬರೆಯುತ್ತದೆ.

ಅಪರಾಧಿಗಳನ್ನು ಮುದ್ದು ಮಾಡಿ ಅಂತ ನಾನು ಹೇಳುತ್ತಿಲ್ಲ. ತಪ್ಪಿಗೆ ಶಿಕ್ಷೆ ಆಗಲಿ. ಆದರೆ ಅದೇ ತಪ್ಪು ಮಾಡಿದ ಇಲ್ಲಿನ ಪೌರ ಶಿಕ್ಷೆ ಮುಗಿಸಿ ಮನೆಗೆ ಹೋಗುತ್ತಾನೆ. ವೀಸಾ ಮೇಲಿದ್ದವನ ಹೆಂಡತಿ ಮಕ್ಕಳು ಇಲ್ಲಿ, ಅವನು ಊರಿನಲ್ಲಿ. ಇದೇ ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಹತ್ತು ವರ್ಷ ಇಲ್ಲಿ ಖಾಯಂ ಆಗಿ ನೆಲೆಸಿದ ಮೇಲೆ ಮಾಡಿದ ತಪ್ಪಿಗೆ ಗಡೀಪಾರು ಮಾಡುವಂತಿಲ್ಲ. ನ್ಯಾಯವಾದ ಮಾತು ಅಲ್ವಾ? ಆದರೆ 501ಕ್ಕೆ ಆ ಹತ್ತು ವರ್ಷದ ಮಿತಿ ಇಲ್ಲ. ಹಾಗಾಗಿ ಹಳೆಯ ರಕ್ಷಣೆ ಪುಸ್ತಕದಲ್ಲಿ ಉಳಿಯಿತು, ಅಷ್ಟೇ. ಹುಟ್ಟಿ 27 ದಿನಕ್ಕೇ ಇಲ್ಲಿಗೆ ಬಂದ ಒಬ್ಬನನ್ನು 2006ರ ಕೊನೆಗೆ ಸ್ವೀಡನ್‌ಗೆ ಕಳಿಸಿದರು. ಆಗ ಅವನಿಗೆ ಮೂವತ್ತು ದಾಟಿತ್ತು, ಸ್ವೀಡಿಷ್ ಭಾಷೆ ಬರುತ್ತಿರಲಿಲ್ಲ. ಅವನ ಅಪರಾಧಗಳು ಸಣ್ಣವೇನಲ್ಲ. ಆದರೂ ಅವನು ಕೆಟ್ಟಿದ್ದು ಇಲ್ಲೇ ಬೆಳೆದು. ಇದು ತಪ್ಪು ಅಂತ ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿ 2011ರಲ್ಲಿ ಹೇಳಿತು. ಆಸ್ಟ್ರೇಲಿಯಾ ಕೇಳಿಸಿಕೊಂಡು ಸುಮ್ಮನಾಯಿತು.

ಏನೂ ತಪ್ಪು ಮಾಡದವರಿಗೆ ಏನೂ ಆಗುವುದಿಲ್ಲ ಅನ್ನುವವರಿಗೆ ಡಾಕ್ಟರ್ ಮೊಹಮ್ಮದ್ ಹನೀಫ್ ಅವರ ಕಥೆ ಹೇಳಬೇಕು. ಇಲ್ಲಿಗೆ ಹೊಸದಾಗಿ ಬಂದವರಿಗೆ ಅವರ ಹೆಸರು ಗೊತ್ತಿರಲಿಕ್ಕಿಲ್ಲ. ನಮ್ಮ ಬೆಂಗಳೂರಿನವರು, ಇಂಗ್ಲೆಂಡಿನಲ್ಲಿದ್ದು ಆಮೇಲೆ ಇಲ್ಲಿನ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದವರು. 2007ರ ಜುಲೈ 2ರಂದು, ಬೆಂಗಳೂರಿನಲ್ಲಿ ಹೆಂಡತಿಗೆ ಹೆರಿಗೆಯಾಗಿದೆ ಅಂತ ಹೊರಟವರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹಿಡಿದರು. ಆಗಷ್ಟೇ ಬ್ರಿಟನ್ನಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದ ದಾಳಿಗೆ ಸಂಬಂಧಪಟ್ಟ ಬಂಧು ಒಬ್ಬನಿಗೆ ಇಂಗ್ಲೆಂಡ್ ಬಿಡುವಾಗ ತಮ್ಮ ಮೊಬೈಲ್ ಸಿಮ್ ಕೊಟ್ಟಿದ್ದೇ ಆರೋಪ. ಹನ್ನೆರಡು ದಿನ ಆರೋಪ ಹೊರಿಸದೆ ಇಟ್ಟುಕೊಂಡರು. ಆ ಸಿಮ್ ಆ ಉರಿದ ಜೀಪಿನಲ್ಲಿತ್ತು ಅಂತ ಮೊದಲು ಹೇಳಿದ್ದು ಸುಳ್ಳಾಯಿತು. ಅದು ಇದ್ದದ್ದು ಲಿವರ್‌ಪೂಲ್‌ನಲ್ಲಿ.

ಜುಲೈ 16ರಂದು ಮ್ಯಾಜಿಸ್ಟ್ರೇಟ್ ಜಾಮೀನು ಕೊಟ್ಟರು. ಕೆಲವೇ ಗಂಟೆಗಳಲ್ಲಿ ವಲಸೆ ಮಂತ್ರಿ ಕೆವಿನ್ ಆಂಡ್ರ್ಯೂಸ್ ವೀಸಾ ರದ್ದು ಮಾಡಿದರು. ಕಾರಣ ಅದೇ ನಡತೆ ಪರೀಕ್ಷೆ. ಜಾಮೀನಿನ ಮೇಲೆ ಹೊರಗೆ ಬಂದರೆ ವಲಸೆ ಇಲಾಖೆಯ ಬಂಧನ ಕಾಯುತ್ತಿತ್ತು! ಜುಲೈ 27ಕ್ಕೆ ಸರ್ಕಾರವೇ ಕೇಸು ಕೈಬಿಟ್ಟಿತು, ಡಾಕ್ಟರ್ ಊರಿಗೆ ಮರಳಿದರು. ವೀಸಾ ರದ್ದು ಮಾಡಿದ್ದು ಸರಿಯಲ್ಲ ಅಂತ ಫೆಡರಲ್ ಕೋರ್ಟು ಆಗಸ್ಟ್‌ನಲ್ಲಿ ಹೇಳಿತು. ಅಪರಾಧಿಯ ಪರಿಚಯ ಇದ್ದರೆ ಸಾಕು, ನಡತೆ ಕೆಟ್ಟದ್ದು ಅನ್ನುವುದಾದರೆ ವಕೀಲಿಕೆ ಮಾಡಿದ ನಾನೂ ಈ ಪರೀಕ್ಷೆಯಲ್ಲಿ ಫೇಲು ಅನ್ನುವ ಅರ್ಥದ ಮಾತನ್ನು ವಿಚಾರಣೆ ವೇಳೆ ನ್ಯಾಯಾಧೀಶರೇ ಆಡಿದ್ದರು. 2010ರಲ್ಲಿ ಸರ್ಕಾರ ಪರಿಹಾರ ಕೊಟ್ಟಿತು. 2007ರ ಆ ಜುಲೈನಲ್ಲಿ ಆ ಮನೆಯವರು ಪಟ್ಟ ಪಾಡಿಗೆ ಯಾವ ಪರಿಹಾರ ಸಾಕು?

ಇನ್ನೊಂದು ವಿಷಯ, ಇದು ಮುಖ್ಯವಾಗಿ ಹೆಣ್ಣುಮಕ್ಕಳಿಗೆ. "ಸುಮ್ನಿರು, ಇಲ್ಲಾಂದ್ರೆ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಕಳಿಸ್ತೀನಿ" ಅಂತ ಗಂಡನೋ ಅತ್ತೆಯೋ ಹೆದರಿಸಿದರೆ ನಂಬಬೇಡಿ. ವೀಸಾ ರದ್ದು ಮಾಡುವ ಅಧಿಕಾರ ಗಂಡನಿಗಿಲ್ಲ, ಅದು ಇರುವುದು ಸರ್ಕಾರಕ್ಕೆ. ಪಾರ್ಟ್‌ನರ್ ವೀಸಾದಲ್ಲಿದ್ದು (ಸಂಗಾತಿಯ ಆಧಾರದ ಮೇಲೆ ಸಿಗುವ ವೀಸಾ) ಮನೆಯಲ್ಲಿ ಹಿಂಸೆ ಆಗುತ್ತಿದ್ದರೆ, ಸಂಬಂಧ ಮುರಿದರೂ ಪಿಆರ್ ಪಡೆಯಲು ಕಾನೂನಿನಲ್ಲೇ ದಾರಿ ಇದೆ. ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ, ಅವರ ಬೀರುವಿನಲ್ಲಲ್ಲ. ಸಲಹೆ ಬೇಕಾದರೆ ವಕೀಲರನ್ನೋ ನೋಂದಾಯಿತ ವಲಸೆ ಏಜೆಂಟರನ್ನೋ ಕೇಳಿ. ಫೇಸ್‌ಬುಕ್ಕಿನ ಪಂಡಿತರನ್ನಲ್ಲ, ಈ ಸಂಪಾದಕನನ್ನೂ ಅಲ್ಲ.

ಹಾಗಾದರೆ ಪೌರತ್ವ ಯಾಕೆ ತೆಗೆದುಕೊಳ್ಳುವುದಿಲ್ಲ? ಅರ್ಹತೆ ಕಷ್ಟವಲ್ಲ. ಸಾಮಾನ್ಯವಾಗಿ ನಾಲ್ಕು ವರ್ಷ ಇಲ್ಲಿದ್ದು, ಕೊನೆಯ ಒಂದು ವರ್ಷ ಪಿಆರ್ ಇದ್ದರೆ ಸಾಕು. 60 ದಾಟಿದವರಿಗೆ ಪರೀಕ್ಷೆಯೂ ಇಲ್ಲ. ತಡೆಯುವುದು ಮನಸ್ಸು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ಪಾಸ್‌ಪೋರ್ಟ್ ಒಪ್ಪಿಸಬೇಕು, ವೋಟು ಹೋಗುತ್ತದೆ. ಬೇರೆ ದೇಶದ ಪೌರರಾದ ಭಾರತೀಯ ಮೂಲದವರಿಗೆ ಭಾರತ ಕೊಡುವ ಓಸಿಐ ಕಾರ್ಡ್ ಇದ್ದರೂ ಹೊಸದಾಗಿ ಹೊಲ, ತೋಟ ಕೊಳ್ಳುವಂತಿಲ್ಲ. ಆದರೆ ಎಷ್ಟೋ ಜನ ಇದನ್ನೇ ತಪ್ಪು ತಿಳಿದು ಹಿಂದೆ ಸರಿಯುತ್ತಾರೆ. ಅಪ್ಪನಿಂದ ಬರುವ ಜಮೀನು ಎಲ್ಲೂ ಹೋಗುವುದಿಲ್ಲ. ಅಲ್ಲಿದ್ದಾಗ ನೀವೇ ಕೊಂಡಿದ್ದನ್ನೂ ಇಟ್ಟುಕೊಳ್ಳಬಹುದು. ಪಹಣಿಯಲ್ಲಿ ಹೆಸರು ಇರಲಿ ಅಂತಲೇ ಇಪ್ಪತ್ತು ವರ್ಷದಿಂದ ಪಿಆರ್‌ನಲ್ಲೇ ಕೂತವರು ಒಮ್ಮೆ ಸರಿಯಾಗಿ ವಿಚಾರಿಸಿ ನೋಡಿ.

ಇದೆಲ್ಲ ಗೊತ್ತಿದ್ದೂ ಭಾರತದ ಪಾಸ್‌ಪೋರ್ಟೇ ಬೇಕು ಅನ್ನುವವರೂ ಇದ್ದಾರೆ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ನಿಮ್ಮ ಕಾರಣ ಏನು ಅಂತ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ಹೆಸರು ಬೇಡ ಅಂದರೆ ಹಾಕುವುದಿಲ್ಲ.