ಪೀಟ್ರೇಸ್ ಬಗ್ ಮುಗೀತು, ಒಂದಷ್ಟು ಜನಕ್ಕೆ ಥ್ಯಾಂಕ್ಸ್ ಹೇಳ್ಬೇಕು

ಅಂತೂ ಇಂತೂ ಪೀಟ್ರೇಸ್ ಡೆಡ್‌ಲಾಕ್ ಪ್ಯಾಚ್ ನಮ್ಮ ಲಿನಕ್ಸ್ ಕರ್ನಲ್ ಟ್ರೀಗೆ ಸೇರ್ತು. ಪೀಟ್ರೇಸ್ ಅಂದ್ರೆ ಡಿಬಗ್ಗರ್ (ತಪ್ಪು ಹುಡುಕೋ ಟೂಲ್) ಓಡ್ತಿರೋ ಇನ್ನೊಂದು ಪ್ರೋಗ್ರಾಂನ ಹಿಡಿದು ನೋಡೋಕೆ ಕರ್ನಲ್ ಕೊಡೋ ದಾರಿ, ಡೆಡ್‌ಲಾಕ್ ಅಂದ್ರೆ ಒಂದಕ್ಕೊಂದು ಕಾಯ್ತಾ ಎರಡೂ ಹ್ಯಾಂಗ್ ಆಗೋದು. ಪೂರ್ತಿ ಕಥೆ ಮತ್ತೆ ಹೇಳಲ್ಲ, ಆ ಹ್ಯಾಂಗ್ ಬಗ್ಗೆ ನನ್ನ ಗೋಳು ಕೇಳಿ ಕೇಳಿ ನಿಮಗೆಲ್ಲ ಸಾಕಾಗಿದೆ. ರಿವ್ಯೂ ಮಾಡಿದವ್ರು, ಟೆಸ್ಟ್ ಮೆಷಿನ್ ಬಿಟ್ಟುಕೊಟ್ಟವ್ರು, ಊಟಕ್ಕೆ ಕರೆದು ಕರೆದು ಬೇಜಾರಾದ ಮನೆಯವ್ರು, ಎಲ್ರಿಗೂ ಥ್ಯಾಂಕ್ಸ್.

ಆದ್ರೆ ಅಕ್ಕನ ವಿಷಯ ಒಂದು ಸಾಲಲ್ಲಿ ಮುಗಿಸೋಕಾಗಲ್ಲ (ಹೆಸರು ಹಾಕಿದ್ರೆ ಬೈತೀನಿ ಅಂದಿದಾರೆ, ಅದಕ್ಕೆ ಬರೀ ಅಕ್ಕ). ಕರ್ನಲ್‌ನಲ್ಲಿ ಪ್ರಿಂಟ್‌ಕೆ (ಲಾಗ್ ಬರೆಸೋ ಸಾಲು) ಹಾಕಿದ್ರೆ ಬಗ್ ಮಾಯ, ತೆಗೆದ್ರೆ ಹಾಜರ್, ಡಿಬಗ್ಗರನ್ನ ಕಿಲ್ ಮಾಡಿದ್ರೆ ಎಲ್ಲಾ ತಾನಾಗೇ ಬಿಟ್ಕೊಳೋದು, ಹಾಗಾಗಿ ಇದು ಕರ್ನಲ್‌ದೇ ತೊಂದ್ರೆ ಅಂತ ನಂಬೋರೇ ಇರ್ಲಿಲ್ಲ. ಒಂದು ರಾತ್ರಿ ಈ ಕೆಲಸಾನೇ ಬಿಡ್ತೀನಿ ಅಂತ ಮೇಲ್ ಟೈಪ್ ಮಾಡಿ ಅಕ್ಕನಿಗೆ ಫೋನ್‌ನಲ್ಲಿ ಓದಿ ಹೇಳ್ದೆ. ಸಮಾಧಾನ ಗಿಮಾಧಾನ ಏನೂ ಮಾಡ್ಲಿಲ್ಲ. "ಡ್ರಾಫ್ಟಲ್ಲಿರ್ಲಿ, ಬೆಳಿಗ್ಗೆ ಕಳ್ಸು. ಈಗ ಎರಡೂ ಪ್ರೋಸೆಸ್‌ನ ಸ್ಟ್ಯಾಕ್ ಓದು, ಯಾರು ಯಾರಿಗೆ ಕಾಯ್ತಿದಾರೆ ಅಷ್ಟೇ ಸಾಕು" ಅಂದ್ರು.

ಡಿಬಗ್ಗರ್‌ದು, ಅದು ಟ್ರೇಸ್ ಮಾಡ್ತಿದ್ದ ಪ್ರೋಗ್ರಾಂದು, ಎರಡರ ಸ್ಟ್ಯಾಕೂ (ಯಾವ್ಯಾವ ಫಂಕ್ಷನ್ ಒಳಗೆ ನಿಂತಿದೆ ಅನ್ನೋ ಪಟ್ಟಿ) ಓದ್ತಾ ಹೋದೆ. ಟ್ರೇಸ್ ಆಗ್ತಿದ್ದ ಪ್ರೋಗ್ರಾಂ ಎಕ್ಸೆಕ್ (ಅದೇ ಪ್ರೋಸೆಸ್‌ನಲ್ಲಿ ಹೊಸ ಪ್ರೋಗ್ರಾಂ ಶುರು ಮಾಡೋ ಕಾಲ್) ಒಳಗಿದೆ, ಕ್ರೆಡ್ ಗಾರ್ಡ್ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ರೇ ಹಿಡಿಯೋ ಬೀಗ) ಹಿಡ್ಕೊಂಡು, ತನ್ನ ಉಳಿದ ಥ್ರೆಡ್‌ಗಳೆಲ್ಲ (ಒಂದೇ ಪ್ರೋಸೆಸ್ ಒಳಗೆ ಜೊತೆಜೊತೆಗೆ ಓಡೋ ಕೆಲಸಗಳು) ಪೂರ್ತಿ ಹೋಗ್ಲಿ ಅಂತ ಕಾಯ್ತಿದೆ. ಅದ್ರಲ್ಲೊಂದು ಥ್ರೆಡ್ ಸತ್ತು ಜಾಂಬಿ ಆಗಿದೆ, ಅಂದ್ರೆ ಓಡೋದು ಮುಗಿದ್ರೂ ಲೆಕ್ಕದಲ್ಲಿ ಇನ್ನೂ ಉಳಿದಿದೆ, ಡಿಬಗ್ಗರ್ ವೇಟ್ ಕಾಲ್ ಮಾಡಿ ಅದನ್ನ ತಗೊಳೋವರೆಗೂ ಅದು ಹೋಗಲ್ಲ. ಡಿಬಗ್ಗರ್ ಎಲ್ಲಿ? ಅದೇ ಪ್ರೋಸೆಸ್‌ನ ಇನ್ನೊಂದು ಥ್ರೆಡ್‌ಗೆ ಅಟ್ಯಾಚ್ ಆಗೋಕೆ (ಅದನ್ನೂ ಟ್ರೇಸ್ ಮಾಡೋಕೆ) ಹೋಗಿ, ಅದೇ ಮ್ಯೂಟೆಕ್ಸ್‌ಗೆ ಕಾಯ್ತಾ ನಿಂತಿದೆ. ಓದಿ ಮುಗಿಸೋ ಹೊತ್ತಿಗೆ ಇಬ್ರೂ ಸುಮ್ನಾದ್ವಿ. ಆಮೇಲೆ ಅಕ್ಕ "ಹ್ಞೂಂ, ಸಿಕ್ತು" ಅಂದ್ರು ಅಷ್ಟೇ, ನಂಗೆ ಅಳು ತಡೆಯೋಕಾಗ್ಲಿಲ್ಲ, ಮ್ಯೂಟ್ ಒತ್ಕೊಂಡು ಅತ್ತೆ. ಅವ್ರಿಗೆ ಗೊತ್ತಾಗಿತ್ತು ಅನ್ಸುತ್ತೆ, ಏನೂ ಕೇಳ್ಲಿಲ್ಲ, ಫೋನೂ ಇಡ್ಲಿಲ್ಲ, ಆ ಕಡೆ ಕೀಬೋರ್ಡ್ ಕುಟ್ತಾನೇ ಇದ್ರು. ನಾನು ಮ್ಯೂಟ್ ತೆಗೆಯೋಷ್ಟರಲ್ಲಿ ಹ್ಯಾಂಗ್ ಮಾಡ್ಸೋ ಪುಟ್ಟ ಟೆಸ್ಟ್ ಪ್ರೋಗ್ರಾಂ ಬರೆದು ಕಳ್ಸಿದ್ರು! ಇಂಥವ್ರಿಗೆ ಥ್ಯಾಂಕ್ಸ್ ಅನ್ನೋದು ಹೇಗೋ ಗೊತ್ತಿಲ್ಲ, ಹೇಳಿದ್ರೆ ಮಾತು ಬದಲಾಯಿಸ್ತಾರೆ.

ಫಿಕ್ಸ್ ಏನು ಅಂದ್ರೆ, ಈಗ ಎಕ್ಸೆಕ್ ನಡೀತಿದ್ರೆ ಅಟ್ಯಾಚ್ ಕಾಯಲ್ಲ, ಮತ್ತೆ ಪ್ರಯತ್ನಿಸು ಅನ್ನೋ ಎರರ್ ಕೊಟ್ಟು ವಾಪಸ್ ಬರುತ್ತೆ. ಡಿಬಗ್ಗರ್ ಬರೆಯೋರಿಗೆ ಇದು ಕಿರಿಕಿರಿನೇ, ಆದ್ರೂ ಹ್ಯಾಂಗ್‌ಗಿಂತ ವಾಸಿ. ಅಕ್ಕ ಬರೆದ ಟೆಸ್ಟೂ ಪ್ಯಾಚ್ ಜೊತೆಗೇ ಹೋಗಿದೆ. ಹಳೇ ಬ್ರಾಂಚ್‌ಗಳಿಗೆ ಬ್ಯಾಕ್‌ಪೋರ್ಟ್ (ಕರ್ನಲ್‌ನ ಹಳೇ ಆವೃತ್ತಿಗಳಿಗೂ ಇದೇ ಫಿಕ್ಸ್ ಸೇರಿಸೋದು) ಇನ್ನೂ ಬಾಕಿ, ಯಾರಾದ್ರೂ ಟೆಸ್ಟ್ ಮಾಡಿಕೊಡೋ ಹಾಗಿದ್ರೆ ಹೇಳಿ.