ನಮ್ಮನೆ ಲ್ಯಾಪ್‌ಟಾಪ್‌ನಲ್ಲಿ ಸ್ಟಾರ್ಟ್ ಬಟನ್ ಇಲ್ಲ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಮನೆಗೆ ಹೊಸ ಫೈಬರ್ ಸಂಪರ್ಕ ಹಾಕಿಸಿಕೊಂಡೆ. ತಂತಿ ಬಂತು, ಡಬ್ಬಿ ಬಂತು, ದೀಪವೂ ಹಸಿರಾಯಿತು. ಇಂಟರ್ನೆಟ್ ಬರಲು ಮಾತ್ರ 11 ದಿನ ಹಿಡಿಯಿತು. ನಾನು ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬಳಸುವುದೇ ಅದಕ್ಕೆ ಕಾರಣ ಅಂತ ಕಂಪನಿಯವರು.

ಜೋಡಿಸಲು ಬಂದ ಹುಡುಗ ಒಳ್ಳೆಯವನೇ. ತನ್ನ ಲ್ಯಾಪ್‌ಟಾಪ್‌ಗೆ ಕೇಬಲ್ ಚುಚ್ಚಿ, ನನ್ನ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಒಂದು ವಿಡಿಯೋ ಓಡಿಸಿ ತೋರಿಸಿದ. ಅದೇ ಕೇಬಲ್ ನನ್ನದಕ್ಕೆ ಹಾಕಿದರೆ ಇಲ್ಲ. ‘ಇದರಲ್ಲಿ ಸ್ಟಾರ್ಟ್ ಬಟನ್ ಎಲ್ಲಿದೆ ಮೇಡಂ?’ ಅಂದ. ಇಲ್ಲವಪ್ಪ ಅಂದೆ. ‘ಹಾಗಾದ್ರೆ ವಿಂಡೋಸ್ ಹಾಕಿಸಿ, ಆಮೇಲೆ ಫೋನ್ ಮಾಡಿ’ ಅಂತ ಹೊರಟೇಬಿಟ್ಟ.

ನಾನು ಮೂವತ್ತು ವರ್ಷ ಗಣಿತ ಕಲಿಸಿದವಳು. ಉತ್ತರ ತಪ್ಪಾದರೆ ಹಂತ ಹಂತವಾಗಿ ನೋಡುವುದು ಅಭ್ಯಾಸ. ಅವರ ಸಂಪರ್ಕ, ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಒಳಹೋಗುವ ಪಿಪಿಪಿಒಇ (PPPoE) ಎಂಬ ವಿಧಾನದ್ದು. 1999ರಿಂದ ಎಲ್ಲರಿಗೂ ಓದಲು ಸಿಗುವ ಮಾನದಂಡ ಅದು, ಯಾವ ಕಂಪನಿಯ ಗುಟ್ಟೂ ಅಲ್ಲ. ಲಿನಕ್ಸ್‌ನಲ್ಲಿ ಅದಕ್ಕೆ ಬೇಕಾದದ್ದೆಲ್ಲ ಇದೆ. ಲಾಗ್, ಅಂದರೆ ಯಂತ್ರ ತಾನೇ ಬರೆದಿಡುವ ದಾಖಲೆ, ತೆಗೆದು ನೋಡಿದೆ: ನನ್ನ ಯಂತ್ರ ಕರೆದಿದೆ, ಆ ಕಡೆಯ ಸರ್ವರ್ ಓಗೊಟ್ಟಿದೆ, ಪಾಸ್‌ವರ್ಡ್ ಕಳಿಸಿದ ಮೇಲೆ ‘ಒಪ್ಪುವುದಿಲ್ಲ’ ಎಂದಿದೆ. ಇದನ್ನು ಸಹಾಯವಾಣಿಗೆ ನಾಲ್ಕು ಸಲ ಓದಿ ಹೇಳಿದೆ. ನಾಲ್ಕೂ ಸಲ ಬಂದ ಉತ್ತರ, ‘ಕಂಟ್ರೋಲ್ ಪ್ಯಾನೆಲ್ ಓಪನ್ ಮಾಡಿ’. ಮೂರನೆಯ ಸಲ, ತಪ್ಪೊಪ್ಪಿಕೊಳ್ಳುತ್ತೇನೆ, ‘ಹ್ಞಾಂ, ಮಾಡಿದೆ’ ಅಂತ ಸುಳ್ಳೂ ಹೇಳಿದೆ.

ಕೊನೆಗೆ ಪಕ್ಕದ ಮನೆಯವರ ವಿಂಡೋಸ್ ಲ್ಯಾಪ್‌ಟಾಪ್ ಕೇಳಿ ತಂದೆ. ಅದರಲ್ಲೂ ಬರಲಿಲ್ಲ! ಆದರೆ ‘ಎರರ್ 691’ ಎಂದು ತೋರಿಸಿತು. ಆ ಸಂಖ್ಯೆ ಹೇಳಿದ್ದೇ ತಡ, ಸಹಾಯವಾಣಿಯ ಹುಡುಗಿ ‘ಓ, 691ಆ? ಮ್ಯಾಕ್ ಬೈಂಡ್ ಆಗಿರುತ್ತೆ ಮೇಡಂ’ ಅಂದಳು. ಜೋಡಿಸಲು ಬಂದವನು ಮೊದಲು ತನ್ನ ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷಿಸಿದನಲ್ಲ, ನನ್ನ ಖಾತೆ ಅದರ ಮ್ಯಾಕ್ ವಿಳಾಸಕ್ಕೇ, ಅಂದರೆ ನೆಟ್‌ವರ್ಕ್‌ನಲ್ಲಿ ಆ ಯಂತ್ರದ ಗುರುತಿನ ಸಂಖ್ಯೆಗೇ, ಗಂಟುಬಿದ್ದಿತ್ತು; ಬೇರೆ ಯಂತ್ರವನ್ನು ಸರ್ವರ್ ಒಪ್ಪುತ್ತಿರಲಿಲ್ಲ. ಬಿಡಿಸಲು ಎರಡು ನಿಮಿಷ. ಆಮೇಲೆ ನನ್ನ ಲಿನಕ್ಸ್‌ನಲ್ಲೇ ಸಂಪರ್ಕ ಸಿಕ್ಕಿತು. 691 ಎಂದರೆ ಯೂಸರ್‌ನೇಮ್, ಪಾಸ್‌ವರ್ಡ್ ಒಪ್ಪಿಗೆಯಾಗಿಲ್ಲ ಎಂದೇ. ನನ್ನ ಲಾಗ್ ಮೊದಲ ದಿನವೇ ಹೇಳಿದ್ದೂ ಅದನ್ನೇ.

ಡಬ್ಬಿಯ ಜೊತೆ ಬಂದ ಲೈಸೆನ್ಸ್ ಚೀಟಿಯನ್ನು ಯಾರೂ ಓದುವುದಿಲ್ಲ, ನಾನು ಓದಿದೆ. ಅದರೊಳಗೆ ಓಡುತ್ತಿರುವುದೂ ಲಿನಕ್ಸೇ. ಆ ಹುಡುಗನ ಆಂಡ್ರಾಯ್ಡ್ ಫೋನಿನ ತಿರುಳೂ ಅದೇ.

ಇಂಟರ್ನೆಟ್ ಕಂಪನಿಗಳಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಲಿನಕ್ಸ್ ಕಲಿಸಿಕೊಡಿ ಎನ್ನುತ್ತಿಲ್ಲ. ‘ಯಾವ ವಿಂಡೋಸ್?’ ಎಂದು ಕೇಳುವ ಮೊದಲು ಲಾಗಿನ್ ಯಾಕೆ ತಿರಸ್ಕೃತವಾಯಿತು ಎಂದು ನಿಮ್ಮ ಸರ್ವರಿನಲ್ಲೇ ನೋಡಿ. ಕಾರಣ ಅಲ್ಲಿ ದಾಖಲಾಗಿರುತ್ತದೆ, ಗ್ರಾಹಕರ ಪರದೆ ಯಾವ ಬಣ್ಣದ್ದಾದರೂ ಸರಿ.

ಅಂದ ಹಾಗೆ, ದೂರು ಮುಗಿಸಿದ್ದಾಗಿ ಮೊನ್ನೆ ಸಂದೇಶ ಬಂತು. ಕಾರಣದ ಜಾಗದಲ್ಲಿ ‘ಗ್ರಾಹಕರ ಕಂಪ್ಯೂಟರ್ ದೋಷ, ಸರಿಪಡಿಸಲಾಗಿದೆ’ ಎಂದಿದೆ. ಅದನ್ನು ತಿದ್ದಿಸಲು ಈಗ ಹೊಸ ದೂರು ಕೊಟ್ಟಿದ್ದೇನೆ.

– ನಿವೃತ್ತ ಗಣಿತ ಶಿಕ್ಷಕಿ