ಪಶುಸಂಗೋಪನಾ ಮಂತ್ರಿಗಳೇ, ನಮ್ಮ ದನದ ದೂರು ಏನಾಯಿತು ಅಂತ ಕನ್ನಡದಲ್ಲಿ ಬರೆದು ಕೊಡಿ

ಮಾನ್ಯ ಮಂತ್ರಿಗಳೇ,

ನಮಸ್ಕಾರ. ಈ ಪತ್ರ ಕನ್ನಡದಲ್ಲಿದೆ, ಬೇಕೆಂದೇ ಕನ್ನಡದಲ್ಲಿ ಬರೆದಿದ್ದೇನೆ. ಓದಿ ಹೇಳಲು ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ತಿರುವನಂತಪುರದಿಂದ ಕಾಗದ ಬಂದಾಗ ನಾವು ಮಾಡುವುದೂ ಅದನ್ನೇ. ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಒಬ್ಬ ಪಶುವೈದ್ಯರ ಮೇಲೆ ಕೊಟ್ಟ ದೂರು ಏನಾಯಿತು ಅಂತ ತಿಳಿಯಬೇಕು. ತಪ್ಪಿದೆ ಅಂತಲೋ, ಇಲ್ಲ ಅಂತಲೋ ಒಂದು ತೀರ್ಮಾನ. ಕಾರಣ ಸಮೇತ. ಕನ್ನಡದಲ್ಲಿ.

ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವರು. ಸ್ವಲ್ಪ ಅಡಕೆ ತೋಟ ಇದೆ. ಆದರೆ ಅಡಕೆಯ ದುಡ್ಡು ಬರುವಾಗ ಬರುತ್ತದೆ, ದಿನದ ಖರ್ಚು ನಡೆಯುವುದು ಸೊಸೈಟಿಗೆ ಹಾಕುವ ಹಾಲಿನಿಂದಲೇ. ಬೊಳ್ಳಿ ಅಂತ ನಮ್ಮದೊಂದು ಜೆರ್ಸಿ ಕ್ರಾಸ್ ದನ ಇತ್ತು. ಎರಡು ಹೊತ್ತೂ ಸೇರಿ 12 ಲೀಟರಿಗೆ ಮೋಸ ಇರಲಿಲ್ಲ. ಹೋದ ಮಳೆಗಾಲದಲ್ಲಿ ಮೂರನೆಯ ಕರು ಹಾಕಿತು, ಹೆಣ್ಣು ಕರು. ಮರುದಿನ ಬೆಳಿಗ್ಗೆ ಹಟ್ಟಿಗೆ ಹೋಗಿ ನೋಡಿದರೆ ಏಳುತ್ತಿಲ್ಲ. ಕುತ್ತಿಗೆಯನ್ನು ಹೊಟ್ಟೆಯ ಕಡೆಗೆ ತಿರುಗಿಸಿ ಮಲಗಿದೆ, ಕಿವಿ ಮುಟ್ಟಿದರೆ ತಣ್ಣಗೆ. ದನ ಸಾಕಿದವರಿಗೆ ಇದು ಎಂತದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಲುಜ್ವರ. ಕರು ಹಾಕಿದ ಮೇಲೆ ಮೈಯಲ್ಲಿರುವ ಕ್ಯಾಲ್ಸಿಯಂ ಹಾಲಿಗೆ ಇಳಿದುಬಿಡುತ್ತದೆ, ರಕ್ತದಲ್ಲಿ ಕಮ್ಮಿಯಾಗುತ್ತದೆ, ದನ ಕೂತಲ್ಲೇ ಕುಸಿಯುತ್ತದೆ. ಜಾಸ್ತಿ ಹಾಲು ಕೊಡುವ ದನಗಳಿಗೇ ಜಾಸ್ತಿ ಬರುವುದು. ಹೆದರುವ ಕಾಯಿಲೆಯೂ ಅಲ್ಲ, ಹೊತ್ತಿಗೆ ಸರಿಯಾಗಿ ಕ್ಯಾಲ್ಸಿಯಂ ಕೊಟ್ಟರೆ ಹೆಚ್ಚಿನ ದನಗಳು ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಂತು ಹುಲ್ಲಿಗೆ ಬಾಯಿ ಹಾಕುತ್ತವೆ.

ಸರಕಾರಿ ಆಸ್ಪತ್ರೆ ತೆರೆಯುವ ಹೊತ್ತಾಗಿರಲಿಲ್ಲ. ಖಾಸಗಿಯಾಗಿ ನೋಡುವ ಒಬ್ಬ ಡಾಕ್ಟರನ್ನು ಕರೆಸಿದೆವು. ಬಂದರು, ನೋಡಿದರು, ಹಾಲುಜ್ವರ ಅಂತ ಅವರೂ ಹೇಳಿದರು. ಅಲ್ಲಿಯವರೆಗೆ ಎಲ್ಲ ಸರಿ. ಕುತ್ತಿಗೆಯ ನರಕ್ಕೆ ಸೂಜಿ ಚುಚ್ಚಿ 450 ಎಂಎಲ್ ಬಾಟ್ಲಿ ಸಿಕ್ಕಿಸಿದರು. ಆಗ ಅವರಿಗೊಂದು ಫೋನ್ ಬಂತು. ಬಾಟ್ಲಿಯನ್ನು ಹಟ್ಟಿಯ ಅಡ್ಡಕ್ಕೆ ಎತ್ತರದಲ್ಲಿ ಕಟ್ಟಿ, ಪೈಪಿನ ಚಕ್ರವನ್ನು ಪೂರ್ತಿ ಬಿಟ್ಟು, ಮಾತಾಡುತ್ತಾ ಅಂಗಳಕ್ಕೆ ಹೋದರು. ಯಾವುದೋ ಜಾಗದ ವ್ಯಾಪಾರದ ಮಾತು. ಬಾಟ್ಲಿಯೊಳಗೆ ಗುಳ್ಳೆ ಏಳುತ್ತಿದ್ದದ್ದು ನನಗೆ ಇವತ್ತಿಗೂ ನೆನಪಿದೆ, ಅಷ್ಟು ರಭಸದಲ್ಲಿ ಇಳಿಯುತ್ತಿತ್ತು. ನಾನು ಕರೆದೆ. ಕೈಯಲ್ಲೇ ಒಂದು ನಿಮಿಷ ಅಂದರು. ಬೊಳ್ಳಿಯ ಮೈ ನಡುಗಿತು, ಒಮ್ಮೆ ಕೂಗಿತು, ಕಾಲು ಚಾಚಿತು. ಅವರು ಫೋನ್ ಇಟ್ಟು ಬರುವಾಗ ಬಾಟ್ಲಿಯಲ್ಲಿ ಇನ್ನೂ ಸ್ವಲ್ಪ ಮದ್ದು ಉಳಿದಿತ್ತು, ದನ ಉಳಿದಿರಲಿಲ್ಲ.

ಮಂತ್ರಿಗಳೇ, ನಾನು ಡಾಕ್ಟರಲ್ಲ. ಆದರೆ ಹೈನುಗಾರರ ತರಬೇತಿಯಲ್ಲಿ ನಮಗೇ ಹೇಳಿಕೊಟ್ಟಿದ್ದಾರೆ: ಕ್ಯಾಲ್ಸಿಯಂ ನರಕ್ಕೆ ಕೊಡುವಾಗ ನಿಧಾನಕ್ಕೆ ಕೊಡಬೇಕು, ಬಾಟ್ಲಿಯನ್ನು ಮೈಯ ಬಿಸಿಗೆ ಬೆಚ್ಚಗೆ ಮಾಡಬೇಕು, ಎದೆಗೆ ಸ್ಟೆತಸ್ಕೋಪು ಇಟ್ಟು ಬಡಿತ ಕೇಳುತ್ತಾ ಇರಬೇಕು, ಬಡಿತ ತಪ್ಪಿದರೆ ಕೂಡಲೇ ನಿಲ್ಲಿಸಬೇಕು. ಬೇಗ ಹೋದರೆ ಹೃದಯವೇ ನಿಂತುಬಿಡುತ್ತದೆ. ಇದು ಹಟ್ಟಿ ಗುಡಿಸುವ ನಮಗೆ ಗೊತ್ತಿರುವ ಸಂಗತಿ. ಅವರ ಸ್ಟೆತಸ್ಕೋಪು ಬ್ಯಾಗಿನಿಂದ ಹೊರಗೇ ಬರಲಿಲ್ಲ. "ಹಾರ್ಟ್ ಮೊದಲೇ ವೀಕ್ ಇತ್ತು" ಅಂದರು. ಆಮೇಲೆ, ಇದನ್ನು ಬರೆಯಲಿಕ್ಕೂ ಕೈ ಬರುವುದಿಲ್ಲ, 800 ರೂಪಾಯಿ ಅಂದರು. ನನ್ನ ಗಂಡ ಕೊಟ್ಟರು. ಮನೆಗೆ ಬಂದವರ ಹತ್ತಿರ ಜಗಳ ಮಾಡಿ ಅಭ್ಯಾಸ ಇಲ್ಲ ನಮಗೆ. ಚೀಟಿ ಕೇಳಿದ್ದಕ್ಕೆ "ಸತ್ತ ದನಕ್ಕೆ ಎಂತ ಚೀಟಿ?" ಅಂತ ನಗಾಡಿ ಬೈಕ್ ಹತ್ತಿದರು.

ಪೋಸ್ಟ್‌ಮಾರ್ಟಂ ಆಗಲಿ ಅಂತ ಸರಕಾರಿ ಆಸ್ಪತ್ರೆಯವರನ್ನು ಅವತ್ತೇ ಕೇಳಿಕೊಂಡೆವು. ನಾಳೆ ನೋಡುವ ಅಂದರು. ಜಡಿಮಳೆ, ಸಾಯಂಕಾಲಕ್ಕೇ ಹೊಟ್ಟೆ ಉಬ್ಬಿತ್ತು. ತೋಟದ ಬದಿಯಲ್ಲಿ ಹುಗಿದೆವು.

ಆಮೇಲೆ ಪಶುವೈದ್ಯರ ಹೆಸರು ನೋಂದಾಯಿಸಿಕೊಳ್ಳುವ ರಾಜ್ಯ ಪಶುವೈದ್ಯ ಪರಿಷತ್ತಿಗೆ ದೂರು ಕೊಟ್ಟೆ. ಕಾಯ್ದೆ ನಿಮಗೆ ಗೊತ್ತಿಲ್ಲದ್ದೇನಲ್ಲ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ, ನೋಂದಣಿ ಇದ್ದವರೇ ಚಿಕಿತ್ಸೆ ಮಾಡಬೇಕು ಅನ್ನುವ ಅದರ 30ನೇ ಸೆಕ್ಷನ್, ವೈದ್ಯರ ನಡತೆ ಹೇಗಿರಬೇಕು ಅನ್ನುವ 1992ರ ನಿಯಮ, ಎಲ್ಲ ನಿಮ್ಮ ಇಲಾಖೆಯ ಕಪಾಟಿನಲ್ಲೇ ಇರುತ್ತದೆ. ತಪ್ಪು ಮಾಡಿದವರ ಹೆಸರನ್ನು ಪಟ್ಟಿಯಿಂದ ತೆಗೆಯುವ ಅಧಿಕಾರವೂ ಅದೇ ಕಾಯ್ದೆಯಲ್ಲಿದೆ. ಮತ್ತೆ ಯಾಕೆ ಒಂದು ಕಾಗದ ಕಚೇರಿಯಿಂದ ಹೊರಗೆ ಬರುವುದಿಲ್ಲ?

ತಪ್ಪು ಹೇಳಬಾರದು, ಒಂದು ಕಾಗದ ಬಂತು. ತಿಂಗಳುಗಟ್ಟಲೆ ಕಾದ ಮೇಲೆ, ಮಲಯಾಳದಲ್ಲಿ. ಕನ್ನಡದಲ್ಲಿ ಕೊಟ್ಟ ದೂರಿಗೆ. ನನಗೆ ಮಲಯಾಳ ಮಾತಾಡಲಿಕ್ಕೆ ತಕ್ಕಮಟ್ಟಿಗೆ ಬರುತ್ತದೆ, ಓದಲಿಕ್ಕೆ ಬರುವುದಿಲ್ಲ. ಪಕ್ಕದ ಮನೆಯ ಕಾಲೇಜು ಹುಡುಗಿ ಓದಿ ಹೇಳಿದಳು. ಅದರಲ್ಲಿ ಕೇಳಿದ್ದು ಮೂರು: ಪೋಸ್ಟ್‌ಮಾರ್ಟಂ ವರದಿ ಕೊಡಿ, ಚಿಕಿತ್ಸೆಯ ಚೀಟಿ ಕೊಡಿ, ವೈದ್ಯರ ನೋಂದಣಿ ಸಂಖ್ಯೆ ಕೊಡಿ.

ನೋಂದಣಿ ಸಂಖ್ಯೆ! ಆ ರಿಜಿಸ್ಟರ್ ಇರುವುದು ಯಾರ ಹತ್ತಿರ ಮಾರಾಯ್ರೆ? ನಮ್ಮ ಹಟ್ಟಿಯಲ್ಲಾ? ಡಾಕ್ಟರ ಹೆಸರು, ಊರು, ಫೋನ್ ನಂಬರು ಎಲ್ಲ ಬರೆದು ಕೊಟ್ಟಿದ್ದೇನೆ. ಪುಟ ತಿರುವಿ ನೋಡಲಿಕ್ಕೆ ಎಷ್ಟು ಹೊತ್ತು ಬೇಕು? ಒಂದು ವೇಳೆ ಅದರಲ್ಲಿ ಹೆಸರೇ ಇಲ್ಲದಿದ್ದರೆ ವಿಷಯ ಇನ್ನೂ ಗಂಭೀರ ಅಲ್ವಾ? ದನ ಸಾಕುವವರಿಗೆ ದನದ ಕಿವಿಯಲ್ಲಿ 12 ಅಂಕೆಯ ಟ್ಯಾಗ್ ಇರಬೇಕು ಅಂತ ಹೇಳುತ್ತೀರಿ, ಒಳ್ಳೆಯದೇ. ಅದಕ್ಕೆ ಸೂಜಿ ಚುಚ್ಚುವವರ ನಂಬರು ಮಾತ್ರ ನಾವು ಹುಡುಕಿ ತರಬೇಕು.

ಮನುಷ್ಯರ ಡಾಕ್ಟರ ಮೇಲಿನ ದೂರನ್ನು 6 ತಿಂಗಳೊಳಗೆ ತೀರ್ಮಾನಿಸಬೇಕು ಅಂತ 2002ರ ವೈದ್ಯಕೀಯ ನಿಯಮಾವಳಿಯಲ್ಲಿ ಬರೆದಿದೆ. ಎಲ್ಲರದ್ದೂ ಹಾಗೆ ತೀರುತ್ತದೆ ಅಂತ ನಾನು ಹೇಳುವುದಿಲ್ಲ, ಆದರೆ ಕೇಳುವಾಗ ತೋರಿಸಲಿಕ್ಕೆ ಒಂದು ಸಾಲಾದರೂ ಉಂಟು. ನಮ್ಮ ದೂರಿಗೂ ಅಂಥ ಒಂದು ಗಡುವು ಹಾಕಿ. ಕನ್ನಡದಲ್ಲಿ ಉತ್ತರ ಬೇಕು ಅನ್ನುವುದೂ ನನ್ನ ಹಟ ಅಲ್ಲ. 1969ರ ಕೇರಳದ ಆಡಳಿತ ಭಾಷಾ ಕಾಯ್ದೆಯಲ್ಲೇ ಇದೆ. ಇಲ್ಲಿನ ಕನ್ನಡದವರು, ತಮಿಳಿನವರು ತಮ್ಮ ಭಾಷೆಯಲ್ಲಿ ಸರಕಾರಕ್ಕೆ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ನಿಮ್ಮದೇ ಕಾಯ್ದೆ, ನಾನು ನೆನಪಿಸಬೇಕಾಯಿತು.

ಗ್ರಾಹಕರ ಕೋರ್ಟಿಗೆ ಹೋಗಿ ಅಂತ ತುಂಬ ಜನ ಹೇಳಿದರು. ಕಾಸರಗೋಡಿನಲ್ಲೇ ಇದೆ, ದುಡ್ಡು ಕೊಟ್ಟು ಮಾಡಿಸಿದ ಚಿಕಿತ್ಸೆಯಾದ್ದರಿಂದ 2 ವರ್ಷದೊಳಗೆ ಕೇಸು ಹಾಕಬಹುದು, ಗೊತ್ತು. ಬೇಕಾದರೆ ಅದನ್ನೂ ಮಾಡುತ್ತೇನೆ. ಆದರೆ ಅಲ್ಲಿ ಸಿಗುವುದು ಪರಿಹಾರದ ದುಡ್ಡು. ಇವರು ನಾಳೆ ಇನ್ನೊಬ್ಬರ ಹಟ್ಟಿಯಲ್ಲಿ ಬಾಟ್ಲಿ ನೇತುಹಾಕಿ ಫೋನ್ ಹಿಡಿದು ಅಂಗಳಕ್ಕೆ ಹೋಗಬಹುದೋ ಬೇಡವೋ ಅಂತ ಗ್ರಾಹಕರ ಕೋರ್ಟು ಹೇಳುವುದಿಲ್ಲ. ಅದನ್ನು ಹೇಳಬೇಕಾದ್ದು ಹೆಸರು ಬರೆದುಕೊಂಡ ಪರಿಷತ್ತಿನವರು. ಆ ಪರಿಷತ್ತುಗಳಲ್ಲಿ ಕೂರುವವರು ಯಾರು ಅಂತ ಕಾಯ್ದೆ ನೋಡಿದೆ: ವೈದ್ಯರೇ ಆರಿಸಿ ಕಳಿಸಿದ ವೈದ್ಯರು, ಪಶುವೈದ್ಯ ಕಾಲೇಜಿನ ಮುಖ್ಯಸ್ಥರು, ಇಲಾಖೆಯ ನಿರ್ದೇಶಕರು, ಸರಕಾರ ನೇಮಿಸಿದವರು. ದನ ಸಾಕುವವರಿಗೆ ಅಂತ ಒಂದು ಕುರ್ಚಿ ಕಾಣಲಿಲ್ಲ. ಇರಲಿ, ಕುರ್ಚಿ ನಾನು ಕೇಳುತ್ತಿಲ್ಲ. ಉತ್ತರ ಕೇಳುತ್ತಿದ್ದೇನೆ.

ಎಲ್ಲ ಪಶುವೈದ್ಯರೂ ಹೀಗೆ ಅಂತ ಯಾರೂ ತಿಳಿಯಬೇಡಿ. ನಡುರಾತ್ರಿ ಟಾರ್ಚು ಹಿಡಿದು ತೋಟದಲ್ಲಿ ನಡೆದು ಬಂದು, ಅಡ್ಡ ಸಿಕ್ಕಿದ ಕರುವನ್ನು ತೋಳು ಹಾಕಿ ಎಳೆದು ಉಳಿಸಿಕೊಟ್ಟ ಡಾಕ್ಟರು ನಮ್ಮ ಊರಲ್ಲೇ ಇದ್ದರು. ವರ್ಗವಾಗಿ ಹೋಗುವಾಗ ಊರಿಗೆ ಊರೇ ಬೇಸರ ಮಾಡಿಕೊಂಡಿತ್ತು. ಅಂಥವರಿಗೂ ಇವರಿಗೂ ಒಂದೇ ರಿಜಿಸ್ಟರಿನಲ್ಲಿ ಜಾಗ ಇರಬೇಕಾ ಅನ್ನುವುದೇ ನನ್ನ ದೂರು.

ಹಾಗಾಗಿ ಮತ್ತೊಮ್ಮೆ ಹೇಳುತ್ತೇನೆ, ಬೇಜಾರಾದರೂ ಕೇಳಿ. ಹುಗಿದ ದನದ ಪೋಸ್ಟ್‌ಮಾರ್ಟಂ ವರದಿ ನನ್ನ ಹತ್ತಿರ ಇಲ್ಲ, ಇನ್ನು ಹುಟ್ಟುವುದೂ ಇಲ್ಲ. ನಾನಿದ್ದೇನೆ, ನನ್ನ ಗಂಡ ಇದ್ದಾರೆ, ಅವತ್ತು ದನ ಹಿಡಿಯಲು ಬಂದಿದ್ದ ಪಕ್ಕದ ಮನೆಯವರಿದ್ದಾರೆ. ಕಾಸರಗೋಡಿಗೆ ಕರೆಸಿ ನಮ್ಮ ಹೇಳಿಕೆ ಬರೆದುಕೊಳ್ಳಲಿ, ಡಾಕ್ಟರನ್ನೂ ಎದುರು ಕೂರಿಸಿ ಕೇಳಲಿ. ತಿರುವನಂತಪುರಕ್ಕೆ ಬನ್ನಿ ಅನ್ನಬೇಡಿ, ರೈಲಿನಲ್ಲಿ ಒಂದು ರಾತ್ರಿ ಹೋಗಲು, ಒಂದು ರಾತ್ರಿ ಬರಲು, ಆಗ ಇಲ್ಲಿ ಕರುವಿಗೆ ಹುಲ್ಲು ಹಾಕುವವರು ಯಾರೂ ಇಲ್ಲ. ಕೇಳಿ ಆದ ಮೇಲೆ ಅವರದ್ದು ತಪ್ಪಿಲ್ಲ ಅಂತ ತೋರಿದರೆ ಹಾಗೇ ಬರೆಯಿರಿ. ಯಾಕೆ ಇಲ್ಲ ಅಂತಲೂ ಬರೆಯಿರಿ. ಈ ಮಳೆಗಾಲ ಮುಗಿಯುವುದರೊಳಗೆ, ಕನ್ನಡದಲ್ಲಿ.

ಇತಿ,
ಬದಿಯಡ್ಕ ಕಡೆಯ ಒಬ್ಬ ಹೈನುಗಾರ್ತಿ